ಬೇವಿನ ನೆರಳು ಮತ್ತು ಒಂದು ನಿಮಿಷ

ನಮ್ಮ ಹಾಲ್ಟಿನಲ್ಲಿ ಬೆಳಗಿನ ಪ್ಯಾಸೆಂಜರ್ ರೈಲು ನಿಲ್ಲಬೇಕಾದದ್ದು ಒಂದು ನಿಮಿಷ. ನಿಲ್ಲುತ್ತಿದ್ದದ್ದು ನಾಲ್ಕು. ವರ್ಷಗಟ್ಟಲೆ ಹೀಗೇ ನಡೆದಿದ್ದರಿಂದ ನಾವೆಲ್ಲ ನಾಲ್ಕು ನಿಮಿಷ ನಮ್ಮ ಹಕ್ಕೆಂದೇ ತಿಳಿದಿದ್ದೆವು.

ಹಾಲ್ಟ್ ಅಂದರೆ ದೊಡ್ಡದೇನಲ್ಲ. ಸ್ಟೇಷನ್ ಮಾಸ್ತರರಿಲ್ಲ, ಸಿಗ್ನಲ್ ಇಲ್ಲ, ಗಂಟೆ ಬಾರಿಸುವವರಿಲ್ಲ. ರಾಯಚೂರಿನಿಂದ ಅರ್ಧ ತಾಸಿನ ದೂರದಲ್ಲಿ, ಹತ್ತಿ ಹೊಲಗಳ ನಡುವೆ, ಹಳಿಯ ಮಟ್ಟಕ್ಕೇ ಇರುವ ಮಣ್ಣಿನ ಪ್ಲಾಟ್‌ಫಾರಂ. ಒಂದು ಹಳದಿ ಬೋರ್ಡು. ಬಾಗಿಲು ಎಂದೂ ಸರಿಯಾಗಿ ಮುಚ್ಚದ ಟಿಕೆಟ್ ಕೋಣೆ. ಅದರ ಪಕ್ಕಕ್ಕೆ ಒಂದು ಬೇವಿನ ಮರ. ನಾನು ಅಲ್ಲಿ ಗುತ್ತಿಗೆಯ ಮೇಲೆ ಟಿಕೆಟ್ ಮಾರುವವಳು. ರಾಯಚೂರಿನಿಂದ ಟಿಕೆಟಿನ ಕಟ್ಟು ತಂದಿಟ್ಟುಕೊಂಡು, ತಾರೀಖಿನ ಮುದ್ರೆ ಒತ್ತಿ ಮಾರಿ, ರೈಲು ಹೋದ ಮೇಲೆ ಬೀಗ ಹಾಕಿಕೊಂಡು ಮನೆಗೆ ಹೋಗುವುದು, ಮತ್ತೆ ಸಂಜೆಯ ರೈಲಿಗೆ ಬರುವುದು. ರೈಲ್ವೆಯ ಸಮವಸ್ತ್ರವಿಲ್ಲ, ಹಸಿರು ಬಾವುಟವೂ ಇಲ್ಲ. ಆದರೂ ಊರಿನವರ ಪಾಲಿಗೆ ರೈಲು ತಡವಾದರೆ ತಪ್ಪು ನನ್ನದೇ.

ಒಂದು ದಿನ ರೈಲಿನ ಹಿಂದಿನ ಡಬ್ಬಿಯಿಂದ, ಗಾರ್ಡಿನ ಪಕ್ಕದಲ್ಲಿ ನಿಂತಿದ್ದ ಇನ್‌ಸ್ಪೆಕ್ಟರ್ ಸಾಹೇಬರು ಇಳಿದರು. ರೈಲುಗಳು ವೇಳೆಗೆ ಸರಿಯಾಗಿ ಓಡುತ್ತವೆಯೇ ಎಂದು ನೋಡುವುದು ಅವರ ಕೆಲಸ. ಬಿಳಿ ಅಂಗಿ, ಕೈಯಲ್ಲಿ ಒಂದು ಡೈರಿ, ಮುಖದ ಮೇಲೆ ಬೆವರು.

"ಏನಮ್ಮಾ, ಇದು ಹಾಲ್ಟೋ, ಜಂಕ್ಷನ್ನೋ?" ಅಂದರು.

"ಮಂದಿ ಭಾಳ ಅದಾರ್ರೀ ಸರ್."

"ಮಂದಿ ಇರಲಿ, ಬ್ಯಾಡ ಅಂದೋರ್ಯಾರು? ಹಿಂದ ಎಕ್ಸ್‌ಪ್ರೆಸ್ ಬರ್ತಿರ್ತದ. ನೀವು ಇಲ್ಲಿ ನಾಕು ನಿಮಿಷ ತಿಂದ್ರಿ ಅಂದ್ರ ಮುಂದಿನ ಸ್ಟೇಷನ್ನಾಗ ಈ ಗಾಡಿನ ಬಾಜೂ ಲೈನಿಗೆ ಹಾಕಿ ಅದನ್ನ ಮುಂದ ಬಿಡ್ತಾರ. ಇಪ್ಪತ್ತು ನಿಮಿಷ ಹೋತು. ದಿನಾ ಬೈಸಿಕೊಳ್ಳಾಂವ ನಾನು."

ಆಮೇಲೆ ದನಿ ತಗ್ಗಿಸಿ, ಹದಿನೈದು ದಿನ ಬಿಟ್ಟು ಬರುವುದಾಗಿಯೂ, ಮೂರು ದಿನ ತಾವೇ ಗಡಿಯಾರ ಹಿಡಿದು ನೋಡುವುದಾಗಿಯೂ ಹೇಳಿದರು. "ಒಂದು ನಿಮಿಷದಾಗ ಬಿಟ್ರ ಛಲೋ. ಇಲ್ಲಾಂದ್ರ ಈ ನಿಲುಗಡೆ ತೆಗೀರಿ ಅಂತ ಬರೀಬೇಕಾಗ್ತದ. ಬ್ಯಾಸರ ಮಾಡ್ಕೋಬ್ಯಾಡ್ರಿ ಮತ್ತ."

ನನಗಾದದ್ದು ಬೇಸರವಲ್ಲ, ಹೆದರಿಕೆ. ಆ ರೈಲಿನಲ್ಲಿ ರಾಯಚೂರಿನ ಕಾಲೇಜುಗಳಿಗೆ ಏಳು ಹುಡುಗಿಯರು ಹೋಗುತ್ತಿದ್ದರು. ದೇವದುರ್ಗದ ಕಡೆಯಿಂದ ಬರುವ ಬಸ್ಸು ಸಿಗಬೇಕಾದರೆ ದೊಡ್ಡ ರಸ್ತೆಗೆ ಒಂದು ತಾಸು ನಡೆಯಬೇಕು, ಬಸ್ಸು ತುಂಬಿದ್ದರೆ ನಿಲ್ಲುವುದೂ ಇಲ್ಲ. ನಾನು ಅರಕೇರಾದಲ್ಲಿ ಬೆಳೆದವಳು. ದೇವದುರ್ಗದ ಕಾಲೇಜಿಗೆ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋದವಳು. ಬಸ್ಸಿನ ವೇಳೆ ಬದಲಾದ ವರ್ಷ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಇಬ್ಬರು ಗೆಳತಿಯರು ಓದು ಬಿಟ್ಟರು. ಯಾರೂ ಅವರನ್ನು ಬಿಡಿಸಲಿಲ್ಲ, ಬಸ್ಸು ಬರಲಿಲ್ಲ ಅಷ್ಟೇ. ಹಾಗಾಗಿ ಆ ಏಳು ಹುಡುಗಿಯರ ರೈಲು ನಿಲ್ಲದೆ ಮುಂದೆ ಹೋಗುವುದನ್ನು ನೆನೆಸಿಕೊಂಡರೆ ನನಗೆ ಅಳುವೇ ಬರುತ್ತಿತ್ತು.

ಇಷ್ಟಾದರೂ ನಾನು ಊರಿನವರಿಗೆ ಒಂದು ಮಾತೂ ಹೇಳಲಿಲ್ಲ. ಸುಮ್ಮನೆ ಹೆದರಿಸುವುದು ಯಾಕೆ, ನಾನೇ ಸರಿಮಾಡಿಬಿಡುತ್ತೇನೆ ಎಂಬ ಜಂಬ. ಮುಂದೆ ಆದದ್ದೆಲ್ಲ ಆ ಜಂಬದ ಫಲ.

ಮರುದಿನದಿಂದ ಫೋನಿನ ಸ್ಟಾಪ್‌ವಾಚ್ ಹಿಡಿದು, ನಾಲ್ಕು ನಿಮಿಷ ಎಲ್ಲಿ ಹೋಗುತ್ತವೆ ಎಂದು ನೋಡಿದೆ. ರೈಲಿಗೆ ಎಂಟು ಡಬ್ಬಿ. ಎಂಟರಲ್ಲಿ ಏಳಕ್ಕೆ ನಮ್ಮವರು ಹತ್ತುತ್ತಲೇ ಇರಲಿಲ್ಲ! ಬೇವಿನ ಮರದ ಎದುರಿಗೆ ಬಂದು ನಿಲ್ಲುವುದು ಐದನೇ ಡಬ್ಬಿ. ಎಲ್ಲರೂ ಮರದ ನೆರಳಿನಲ್ಲಿ ಕೂತಿರುತ್ತಿದ್ದರು, ಎಲ್ಲರೂ ಅದೇ ಡಬ್ಬಿಗೆ ನುಗ್ಗುತ್ತಿದ್ದರು. ಇಳಿಯುವವರು ಒಳಗಿನಿಂದ ತಳ್ಳುವುದು, ಇವರು ಹೊರಗಿನಿಂದ ತಳ್ಳುವುದು. ಪ್ಲಾಟ್‌ಫಾರಂ ತಗ್ಗಿನಲ್ಲಿರುವುದರಿಂದ ಮೆಟ್ಟಿಲು ಸೊಂಟದ ಎತ್ತರಕ್ಕೆ. ಮುದುಕಿಯೊಬ್ಬಳು ಕಾಲೆತ್ತಿ ಇಡುವಷ್ಟರಲ್ಲಿ ಇಪ್ಪತ್ತು ಸೆಕೆಂಡು. ಹಾಲಿನ ಕ್ಯಾನುಗಳು, ಬುತ್ತಿಯ ಗಂಟುಗಳು, ಪುಂಡಿಪಲ್ಯದ ಸೊಪ್ಪಿನ ಹೊರೆ. ಇದೆಲ್ಲದರ ಮೇಲೆ ಕಳೆ ತೆಗೆಯುವ ಹೆಂಗಸರ ಗುಂಪು.

ಈ ಗುಂಪಿನದೇ ಒಂದು ರಿವಾಜು. ನಲವತ್ತು ಹೆಂಗಸರು ದಿನಾ ಎರಡು ಸ್ಟೇಷನ್ ಆಚೆಯ ಹತ್ತಿ ಹೊಲಗಳಿಗೆ ಕೂಲಿಗೆ ಹೋಗುವವರು. ಒಬ್ಬಳು ಬರದಿದ್ದರೂ ಉಳಿದವರು ಹತ್ತುತ್ತಿರಲಿಲ್ಲ. ಅವರ ಮುಂದಾಳು, ನಾವೆಲ್ಲ ದೊಡ್ಡವ್ವ ಎಂದು ಕರೆಯುವ ಹೆಂಗಸು, ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಗಾರ್ಡಿನ ಕಡೆ ಕೈ ಎತ್ತುತ್ತಿದ್ದಳು. "ತಡೀರಿ ಯಪ್ಪಾ, ಒಬ್ಬಾಕಿ ಓಡಿ ಬರಾಕತ್ತಾಳ!" ಗಾರ್ಡು ಒಳ್ಳೆಯ ಮನುಷ್ಯ, ತಡೆಯುತ್ತಿದ್ದ.

ಮೊದಲ ಉಪಾಯ ಹೊಳೆದದ್ದು ಫೋನಿನಲ್ಲಿ. ಜಪಾನಿನ ಯಾವುದೋ ಹಳ್ಳಿಯ ಸ್ಟೇಷನ್ನಿನ ವಿಡಿಯೋ. ಅಲ್ಲೂ ನೌಕರರಿಲ್ಲ. ನಮ್ಮದರಷ್ಟೇ ಪುಟ್ಟದು, ಸುತ್ತ ಗದ್ದೆ. ನಾಲ್ಕೇ ಜನ ನೆಲದ ಮೇಲೆ ಬರೆದ ಗುರುತಿನಲ್ಲಿ ನಿಂತಿದ್ದಾರೆ, ರೈಲು ಬಂತು, ಬಾಗಿಲು ಸರಿಯಾಗಿ ಅವರ ಮೂಗಿನೆದುರು ನಿಂತಿತು, ಹೋಯಿತು. ಇಷ್ಟೇ ತಾನೆ ಅಂದುಕೊಂಡು ಒಂದು ಪುಟ್ಟಿ ಸುಣ್ಣ ತಂದು, ಪ್ಲಾಟ್‌ಫಾರಂ ಉದ್ದಕ್ಕೂ ಒಂದರಿಂದ ಎಂಟರವರೆಗೆ ಅಂಕಿ ಬರೆದೆ. ಸೊಂಟ ಬಿದ್ದುಹೋಯಿತು.

ಮರುದಿನ ಒಂದು ನರಪಿಳ್ಳೆಯೂ ಅಂಕಿಯ ಮೇಲೆ ನಿಲ್ಲಲಿಲ್ಲ. "ಬಿಸಲಾಗ ನಿಂತು ತಲಿ ಕಾಯಿಸ್ಕೊಳ್ಳಾಕ ನಮಗೇನು ಹುಚ್ಚೇನು ಅಕ್ಕಾ?" ಅಂದಳು ಹಾಲಿನವನ ಹೆಂಡತಿ. ಸರಿಯಾದ ಪ್ರಶ್ನೆಯೇ. ಮೇಲಾಗಿ ರೈಲು ನನ್ನ ಅಂಕಿಗಳನ್ನು ದಾಟಿ ಹತ್ತು ಹೆಜ್ಜೆ ಮುಂದೆ ಹೋಗಿ ನಿಂತಿತು. ಆವತ್ತು ಸಂಜೆ ಎದುರಿನಿಂದ ಬಂದ ಗಾಡಿಗೆ ಅದೇ ಚಾಲಕ ಇದ್ದ. ಕಿಟಕಿಯ ಕೆಳಗೆ ಓಡಿ ಹೋಗಿ ಕೇಳಿದೆ. "ಇಂಜಿನ್ ಎಲ್ಲಿ ನಿಲ್ಲಬೇಕಂತ ಒಂದು ಬೋರ್ಡ್ ಇರ್ತದಲ್ಲ, ನಿಮ್ಮ ಹಾಲ್ಟಿನಾಗ ಅದು ಜಾಲಿ ಕಂಟ್ಯಾಗ ಮುಳುಗ್ಯಾದ. ಅಂದಾಜಿನ ಮ್ಯಾಲ ನಿಲ್ಲಸ್ತೀನಿ" ಅಂದ. ಹಳಿ ನೋಡಿಕೊಳ್ಳುವ ಗ್ಯಾಂಗಿನವರನ್ನು ಎರಡು ದಿನ ಕಾಡಿ ಜಾಲಿ ಕಡಿಸಿದೆ. ಬೋರ್ಡು ಹೊರಬಂತು. ಅಂದಿನಿಂದ ಬಾಗಿಲುಗಳು ಅಂಕಿಗೆ ಸರಿಯಾಗಿ ಬಂದು ನಿಲ್ಲತೊಡಗಿದವು. ಅಂಕಿಯ ಮೇಲೆ ಮಾತ್ರ ಯಾರೂ ಇರಲಿಲ್ಲ.

ಎರಡನೇ ಉಪಾಯ: ಜನ ನೆರಳಿಗೆ ಬರುವುದಾದರೆ ನೆರಳನ್ನೇ ಅವರ ಅಂಕಿಯ ಹತ್ತಿರ ಒಯ್ಯೋಣ. ಎಂಟು ಕಡೆ ಗಳ ನೆಟ್ಟು ಹಳೆಯ ಸೀರೆ ಕಟ್ಟಿದೆ. ನೋಡಲು ಏನು ಚೆಂದ! ಕೆಂಪು, ಹಸಿರು, ನೇರಳೆ. ಸಂಜೆಯೊಳಗೆ ಹಳಿಯ ಎಂಜಿನಿಯರ್ ಬಂದು ಎಲ್ಲ ಕಿತ್ತು ಹಾಕಿಸಿದರು. "ಮ್ಯಾಲ ಕರೆಂಟಿನ ತಂತಿ ಕಾಣಸಂಗಿಲ್ಲೇನು ನಿನಗ? ಗಾಳಿಗೆ ಒಂದು ಸೀರಿ ಹಾರಿ ಅದಕ್ಕ ಸುತ್ತಿಕೊಂಡ್ರ ಏನಾಗ್ತದ ಗೊತ್ತದೇನು?" ಎಂದು ಎಲ್ಲರೆದುರಿಗೆ ಬೈದರು. ಕೋಪ ಬಂತು, ಆದರೆ ಅವರ ಮಾತು ಖರೆ ಇತ್ತು. ಆ ತಂತಿಯ ಕೆಳಗೆ ಅಷ್ಟು ದಿನ ಓಡಾಡಿಯೂ ನನಗೆ ಅದು ಹೊಳೆದಿರಲಿಲ್ಲ. ಸೀರೆಗಳನ್ನು ಮಡಚಿ ಮನೆಗೆ ಒಯ್ದೆ.

ಹತ್ತು ದಿನ ಕಳೆದಿದ್ದವು. ಮೂರನೆಯದು ಉಪಾಯವಲ್ಲ, ಸಿಟ್ಟು. ಶಾಲೆಯಿಂದ ಮೈಕು ಎರವಲು ತಂದು ಕೂಗಿದೆ: ಒಂದನೇ ಡಬ್ಬಿಗೆ ಇಷ್ಟು ಜನ, ಎರಡನೇ ಡಬ್ಬಿಗೆ ಇಷ್ಟು ಜನ, ನಡೀರಿ, ಏಳ್ರಿ, ಜಲ್ದಿ! ದೊಡ್ಡವ್ವ ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟಳು.

"ಏನ್ ಬೇ, ನಾವೇನು ಕುರಿ ಏನು, ಹೊಡಕೊಂಡು ಹೋಗಾಕ? ಒದರೋದು ಬಿಡು ಮೊದಲ."

ಆವತ್ತು ರೈಲು ಐದೂವರೆ ನಿಮಿಷ ನಿಂತಿತು. ನಲವತ್ತು ಹೆಂಗಸರು ಒಬ್ಬೊಬ್ಬರಾಗಿ, ಸೆರಗು ಸರಿಮಾಡಿಕೊಂಡು, ಬುತ್ತಿಗಂಟು ಒಳಗಿಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟು ಹತ್ತಿದರು. ಕೊನೆಯವಳು ಹತ್ತುವಾಗ ನನ್ನ ಕಡೆ ನೋಡಿ ನಕ್ಕಳು. ನಾನು ಮೈಕು ಹಿಡಿದುಕೊಂಡು ನಿಂತಿದ್ದೆ, ಅದು ಕುಂಯ್ಯೆನ್ನುತ್ತಿತ್ತು.

ಆ ದಿನ ಮನೆಗೆ ಹೋಗಿ ಊಟ ಸೇರಲಿಲ್ಲ. ಏಳು ಹುಡುಗಿಯರಲ್ಲಿ ಒಬ್ಬಳು ದೊಡ್ಡವ್ವನ ಮಗಳೇ, ನರ್ಸಿಂಗ್ ಓದುತ್ತಿದ್ದಳು. ಆಕೆಗಾಗಿ ನಾನು ಒದ್ದಾಡುತ್ತಿದ್ದೆ, ಆಕೆಯ ತಾಯಿಯೇ ನನ್ನೊಡನೆ ಜಗಳ ಕಾಯುತ್ತಿದ್ದಳು. ಯಾಕೆ? ಅವರಿಗೆ ಗೊತ್ತೇ ಇಲ್ಲವಲ್ಲ. ಹೇಳಬೇಕಾದವಳು ನಾನು, ಹೇಳಿರಲಿಲ್ಲ.

ಮರುದಿನ ಟಿಕೆಟ್ ಕೋಣೆಗೆ ಬೀಗ ಹಾಕಿ ನಾನೂ ಅದೇ ರೈಲು ಹತ್ತಿದೆ. ಸಂಜೆಯ ಗಾಡಿಯವರೆಗೆ ಹೇಗೂ ಕೆಲಸವಿಲ್ಲ. ಎರಡು ಸ್ಟೇಷನ್ ಆಚೆ ಹೆಂಗಸರ ಹಿಂದೆಯೇ ಇಳಿದು ಹೊಲಕ್ಕೆ ಹೋದೆ. ದೊಡ್ಡವ್ವ ನನ್ನನ್ನು ನೋಡಿಯೂ ನೋಡದಂತೆ ಬದುವಿನ ಮೇಲೆ ನಿಂತಳು. ಹತ್ತಿಯ ಸಾಲುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಬೆರಳು ತೋರಿಸುತ್ತ ಹೋದಳು. ನೀನು ಇಲ್ಲಿ, ನೀನು ಅಲ್ಲಿ. ಒಂದು ಮಾತಿಲ್ಲ, ತಳ್ಳಾಟವಿಲ್ಲ. ನಲವತ್ತು ಜನ ನಲವತ್ತು ಸಾಲು ಹಿಡಿದು ನಿಲ್ಲಲು ನಾನು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಸಾಕಾಯಿತು. "ಹೂಂ" ಅಂದಳು. ಎಲ್ಲರೂ ಒಟ್ಟಿಗೇ ಬಾಗಿದರು.

ನಾನು ಬಾಯಿ ತೆರೆದುಕೊಂಡು ನೋಡಿದೆ. ಚುರುಕಿನವರಿಬ್ಬರ ನಡುವೆ ಒಬ್ಬಳು ನಿಧಾನದವಳು. ಆಕೆ ಹಿಂದುಳಿದರೆ ಆಚೀಚಿನವರು ಕೈ ಚಾಚಿ ಆಕೆಯ ಸಾಲಿನ ಕಳೆಯನ್ನೂ ಕೀಳುತ್ತಾರೆ. ಯಾರೂ ಯಾರನ್ನೂ ಬಿಟ್ಟು ಮುಂದೆ ಹೋಗುವುದಿಲ್ಲ, ಆದರೂ ಕೆಲಸ ಓಡುತ್ತದೆ.

ಊಟದ ಹೊತ್ತಿಗೆ ದೊಡ್ಡವ್ವನ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಇನ್‌ಸ್ಪೆಕ್ಟರು, ಎಕ್ಸ್‌ಪ್ರೆಸ್ಸು, ಮೂರು ದಿನದ ಪರೀಕ್ಷೆ, ಎಲ್ಲ. ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಗಾಡಿ ನಿಲ್ಲಲಿಲ್ಲಂದ್ರ ನನ್ನ ಮಗಳ ಕಾಲೇಜು ನಿಂತಂಗ ಅಲ್ಲೇನು?"

"ಹೂಂ ದೊಡ್ಡವ್ವ."

"ಮತ್ತ ಇಷ್ಟು ದಿನ ಬಾಯಾಗ ಏನು ಇಟ್ಕೊಂಡಿದ್ದಿ ಬೇ? ಸುಣ್ಣ ಹಾಕ್ದಿ, ಸೀರಿ ಕಟ್ದಿ, ಒದರಿದಿ. ಹೇಳೋದೊಂದು ಬಿಟ್ಟು ಎಲ್ಲಾ ಮಾಡ್ದಿ!"

ನಾನು ತಲೆ ತಗ್ಗಿಸಿದೆ. ಆಮೇಲೆ ಹೇಳಿದೆ: "ಇನ್ನ ಮ್ಯಾಲ ನಾ ಒದರಂಗಿಲ್ಲ. ನೀನ ನಿಂತು ಹೊಲದಾಗ ಸಾಲು ಕೊಟ್ಟಂಗ ಡಬ್ಬಿ ಕೊಡು. ನೀ ಹೆಂಗ ಹೇಳ್ತಿ ಹಂಗ."

ಆಕೆ ರೊಟ್ಟಿಗೆ ಚಟ್ನಿ ಹಚ್ಚಿ ನನ್ನ ಕೈಗಿಟ್ಟಳು. "ಉಣ್ಣು ಮೊದಲ. ನಾ ಮಾನ್ವಿ ಕಡೆಯಾಕಿ. ನಮ್ಮ ತವರಾಗ ನೀರು ಬಿಟ್ಟ ಗದ್ದ್ಯಾಗ ಅರವತ್ತು ಮಂದಿನ ನಾಟಿಗೆ ನಿಲ್ಲಸ್ತಿದ್ದೆ. ಎಂಟು ಡಬ್ಬಿ ಏನ್ ಮಹಾ?"

ಉಳಿದದ್ದು ನಾಲ್ಕು ದಿನ. ದೊಡ್ಡವ್ವ ಮೊದಲು ಮಾಡಿದ್ದು ನನ್ನ ಸುಣ್ಣದ ಅಂಕಿಗಳನ್ನು ಒಪ್ಪಿಕೊಂಡದ್ದು. ಎರಡನೆಯದು, ನೆರಳನ್ನು ಬಿಡದೇ ಇದ್ದದ್ದು. "ಗೇಟಿನ ಕಡಿ ಹಾರ್ನ್ ಆಗೂ ಮಟ ಎಲ್ಲಾರೂ ಬೇವಿನ ಕೆಳಗ ಇರ್ರಿ. ಹಾರ್ನ್ ಆತಂದ್ರ ನಿಮ್ಮ ನಿಮ್ಮ ಸಾಲಿಗೆ ನಡೀರಿ." ರಸ್ತೆ ಹಳಿ ದಾಟುವ ಆ ಗೇಟಿನ ಹತ್ತಿರ ಹಾರ್ನ್ ಕೇಳಿದ ಮೇಲೆ ರೈಲು ಬಂದು ನಿಲ್ಲಲು ಎರಡು ನಿಮಿಷ. ಮರದಿಂದ ತೀರ ದೂರದ ಅಂಕಿಗೆ ನೂರಿಪ್ಪತ್ತು ಹೆಜ್ಜೆ. ನಾನೇ ನಡೆದು ನೋಡಿದೆ, ಮುದುಕಿಯ ಹೆಜ್ಜೆಯಲ್ಲೂ ಹೊತ್ತು ಉಳಿಯುತ್ತಿತ್ತು. ಪ್ರತಿ ಡಬ್ಬಿಗೂ ಈ ಕಡೆ ಎರಡು ಬಾಗಿಲು. ಮುಂದಿನದರಲ್ಲಿ ಇಳಿಯುವವರು, ಹಿಂದಿನದರಲ್ಲಿ ಹತ್ತುವವರು ಎಂದು ಕಾಲೇಜಿನ ಹುಡುಗಿಯರು ರೈಲಿನೊಳಗೆ ಡಬ್ಬಿ ಡಬ್ಬಿಗೂ ಹೇಳಿಬಂದರು. ಪ್ರತಿ ಬಾಗಿಲಿಗೆ ಮೊದಲು ಚುರುಕಿನವಳೊಬ್ಬಳು ಹತ್ತಿ ಮೇಲಿನಿಂದ ಕೈ ಕೊಡುವುದು, ನಿಧಾನದವರು ನಡುವೆ, ಕೆಳಗಿನಿಂದ ತಳ್ಳುವವಳು ಕೊನೆಗೆ. ಹಾಲಿನವರು ಎಂಟನೇ ಡಬ್ಬಿಗೆ. ಅವರು ಗೊಣಗಿದರು, ದೊಡ್ಡವ್ವ ಒಮ್ಮೆ ತಿರುಗಿ ನೋಡಿದಳು, ಮುಗಿಯಿತು.

ಯಾವಾಗಲೂ ಓಡಿ ಬರುವ ಆ ಒಬ್ಬಳ ಪ್ರಶ್ನೆ ಉಳಿದಿತ್ತು. ವಿಚಾರಿಸಿದರೆ, ಆಕೆಯ ಮಗುವನ್ನು ಬೆಳಿಗ್ಗೆ ನೋಡಿಕೊಳ್ಳುವವರಿರಲಿಲ್ಲ, ಅಂಗನವಾಡಿ ಬಾಗಿಲು ತೆರೆಯುವವರೆಗೆ ಕಾಯುತ್ತಿದ್ದಳಂತೆ. ವರ್ಷಗಟ್ಟಲೆ ಅವಳಿಗಾಗಿ ರೈಲು ತಡೆದಿದ್ದೆವು, ಯಾಕೆ ತಡ ಎಂದು ಒಬ್ಬರೂ ಕೇಳಿರಲಿಲ್ಲ. ನನ್ನ ಅತ್ತೆ "ನನ್ನ ಕೈಯಾಗ ಕೊಟ್ಟು ಹೋಗು" ಅಂದರು. ಅಲ್ಲಿಗೆ ಅದೂ ಬಗೆಹರಿಯಿತು.

ಇನ್‌ಸ್ಪೆಕ್ಟರ್ ಸಾಹೇಬರು ಹೇಳಿದ ದಿನವೇ ಬಂದರು. ಗಾರ್ಡಿನ ಡಬ್ಬಿಯ ಬಾಗಿಲಲ್ಲಿ ನಿಂತು ಗಡಿಯಾರ ಹಿಡಿದರು. ಒಂದು ನಿಮಿಷ ಹತ್ತು ಸೆಕೆಂಡು. ಹುಬ್ಬೇರಿಸಿ ಡೈರಿಯಲ್ಲಿ ಬರೆದುಕೊಂಡರು.

ಎರಡನೇ ದಿನ ನಮ್ಮ ಗ್ರಹಚಾರ. ಊರಿನ ಮಗಳೊಬ್ಬಳು ಗಂಡನ ಮನೆಗೆ ಹೊರಟಿದ್ದಳು. ಹಿಂದೆಲ್ಲ ಉಡಿ ತುಂಬುವುದು ರೈಲಿನ ಬಾಗಿಲಲ್ಲೇ ನಡೆಯುತ್ತಿತ್ತು. ದೊಡ್ಡವ್ವ ಅದನ್ನು ಬೇವಿನ ಕೆಳಗೆ ಮೊದಲೇ ಮುಗಿಸಿದ್ದಳು. ಆದರೆ ತುಂಬಿದ ಉಡಿಯನ್ನು ಹಿಡಿದುಕೊಂಡು ಸೊಂಟದೆತ್ತರದ ಮೆಟ್ಟಿಲು ಹತ್ತುವುದು ಹೇಗೆ? ಸೆರಗು ಜಾರಿತು. ಅಕ್ಕಿ ಚೆಲ್ಲಿತು, ಉತ್ತತ್ತಿ ಚೆಲ್ಲಿತು, ತೆಂಗಿನಕಾಯಿ ಉರುಳಿ ರೈಲಿನಡಿಗೆ ಹೋಯಿತು. ಕಾಯಿ ಬಿಟ್ಟು ಹೋಗುವುದು ಒಳ್ಳೆಯದಲ್ಲವೆಂದು ತಾಯಿ ಗೋಳಾಡಿದಳು. ಬಾಗಿ ನೋಡಲು ಹೋದ ನನ್ನನ್ನು ಗಾರ್ಡು ಸೀಟಿ ಊದಿ ಹಿಂದೆ ಸರಿಸಿದ. ಕೊನೆಗೆ ನನ್ನ ಊಟದ ಚೀಲದಲ್ಲಿದ್ದ ಬಾಳೆಹಣ್ಣನ್ನು ಉಡಿಗೆ ಹಾಕಿ ಹುಡುಗಿಯನ್ನು ಮೇಲೇರಿಸಿದೆವು. ಎರಡು ನಿಮಿಷ ಐದು ಸೆಕೆಂಡು.

"ನಾಳಿನೂ ಹಿಂಗ ಆತಂದ್ರ ನಾ ಕಂಡದ್ದ ಬರೀತೀನಮ್ಮಾ" ಅಂತ ಹೊರಡುವ ರೈಲಿನಿಂದ ಸಾಹೇಬರು ಕೂಗಿದರು.

ಮೂರನೇ ದಿನ ಬೇವಿನ ಕೆಳಗೆ ಎಲ್ಲರ ಕಣ್ಣೂ ಗೇಟಿನ ಕಡೆಗೇ. ದೊಡ್ಡವ್ವನ ಮಗಳು ಪುಸ್ತಕದ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಗೇಟಿನ ಕಡೆ ಹಾರ್ನ್ ಆಯಿತು. ದೊಡ್ಡವ್ವ ಮೆಲ್ಲಗೆ "ಹೂಂ" ಅಂದಳು. ನೂರು ಜನ ಎಂಟು ಕಡೆಗೆ ನಡೆದರು. ಪ್ಲಾಟ್‌ಫಾರಂ ನನಗೆ ಬಿತ್ತನೆ ಮಾಡಿದ ಹೊಲದ ಹಾಗೆ ಕಂಡಿತು.

ರೈಲು ನಿಂತಿತು. ಸಾಹೇಬರು ಆವತ್ತು ಮೇಲೆ ನಿಲ್ಲದೆ ಕೆಳಗಿಳಿದರು. ಎಂಟೂ ಡಬ್ಬಿ ಒಟ್ಟಿಗೆ ಕಾಣಬೇಕಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಾಲ್ಕು ಹೆಜ್ಜೆ ಈ ಕಡೆ ಬಂದರು, ಮತ್ತೆ ನಾಲ್ಕು ಹೆಜ್ಜೆ, ಬರುತ್ತ ಬರುತ್ತ ಸೀದಾ ಬೇವಿನ ಮರದ ಕೆಳಗೆ ಬಂದು ನಿಂತರು. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಜನ ಮುಂದಿನ ಬಾಗಿಲುಗಳಿಂದ ಇಳಿದರು, ಹಿಂದಿನ ಬಾಗಿಲುಗಳಿಂದ ಹತ್ತಿದರು. ಕೈ ಕೊಟ್ಟರು, ತಳ್ಳಿದರು. ಕೊನೆಯ ಹಾಲಿನ ಕ್ಯಾನು ಒಳಗೆ ಹೋಯಿತು. ಹಳಿಯ ಅಂಚಿನಲ್ಲಿ ಯಾರೂ ಉಳಿಯಲಿಲ್ಲ. ಗಾರ್ಡು ಆಚೀಚೆ ನೋಡಿ ಹಸಿರು ಬಾವುಟ ಬೀಸಿದ. ರೈಲು ಹೊರಟಿತು.

"ಐವತ್ತೆರಡು ಸೆಕೆಂಡ್!" ಸಾಹೇಬರು ಗಡಿಯಾರ ಎತ್ತಿ ಹಿಡಿದು ಕೂಗಿದರು. "ಭಲೇ! ಐವತ್ತೆರಡು ಸೆಕೆಂಡ್ ಅಮ್ಮಾ!"

ನಾನು ಕೈ ಮುಗಿದೆ. ಕಣ್ಣಲ್ಲಿ ನೀರು ಬಂದಿತ್ತು. ಆಗ ಐದನೇ ಡಬ್ಬಿಯ ಬಾಗಿಲಿನಿಂದ ಹುಡುಗಿಯರೆಲ್ಲ ಕಿರುಚತೊಡಗಿದರು: "ಸಾಹೇಬ್ರೂ! ಸಾಹೇಬ್ರು ಉಳದ್ರು!"

ಸಾಹೇಬರು ಗಡಿಯಾರದಿಂದ ಕಣ್ಣೆತ್ತಿ ನೋಡುವಷ್ಟರಲ್ಲಿ ಗಾರ್ಡಿನ ಡಬ್ಬಿ ಅವರ ಮುಂದೆಯೇ ದಾಟಿಹೋಯಿತು. ನಾಲ್ಕು ಹೆಜ್ಜೆ ಓಡಿದರು. ನಿಂತರು. ನಾಲ್ಕು ನಿಮಿಷ ಕಾಯುವ ರೈಲು ಎಂಬ ನಂಬಿಕೆ ಅವರ ತಲೆಯಲ್ಲೂ ಕೂತುಬಿಟ್ಟಿತ್ತು ಅಂತ ಕಾಣುತ್ತದೆ. ಅವರ ಚೀಲ, ನೀರಿನ ಬಾಟಲಿ, ಬುತ್ತಿ ಎಲ್ಲ ರೈಲಿನಲ್ಲಿ ರಾಯಚೂರಿಗೆ ಹೊರಟಿದ್ದವು.

ಒಂದು ಕ್ಷಣ ನನ್ನನ್ನು ನೋಡಿದರು. ನಾನು ನಗು ತಡೆಯಲು ತುಟಿ ಕಚ್ಚಿದೆ, ಆಗಲಿಲ್ಲ. ಅವರೂ ನಕ್ಕುಬಿಟ್ಟರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇವಿನ ಬುಡದಲ್ಲಿ ಕೂತು ಡೈರಿ ತೆರೆದು ಬರೆದರು. ಏನು ಬರೆದಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರೇ ಓದಿದರು: "ನಿಲುಗಡೆ ಮುಂದುವರಿಸಬಹುದು. ಒಂದು ನಿಮಿಷ ಸಾಕಾಗುತ್ತದೆ. ಖುದ್ದು ಅನುಭವಿಸಿದ್ದೇನೆ."

ಮನೆಯಿಂದ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟೆ. ಮೂರು ರೊಟ್ಟಿ ಉಂಡು, ಅಲ್ಲೇ ನೆರಳಲ್ಲಿ ಒಂದು ನಿದ್ದೆ ತೆಗೆದು, ಹಾಲಿನವರ ಮನೆಯ ಮೋಟಾರ್ ಸೈಕಲ್ಲಿನ ಹಿಂದೆ ಕೂತು ದೊಡ್ಡ ರಸ್ತೆಗೆ ಹೋಗಿ ದೇವದುರ್ಗದ ಬಸ್ಸಿಗೆ ರಾಯಚೂರು ಸೇರಿಕೊಂಡರು. ಬಸ್ಸು ತುಂಬಿತ್ತಂತೆ, ನಿಂತೇ ಹೋದರಂತೆ.

ಸಂಜೆಯ ರೈಲಿನಿಂದ ಇಳಿದ ಹೆಂಗಸರಿಗೆ ನಾನು ಐವತ್ತೆರಡು ಸೆಕೆಂಡಿನ ಸುದ್ದಿ ಹೇಳಿದೆ. ಹುಡುಗಿಯರು ಕುಣಿದರು, ಒಬ್ಬಳು ನನ್ನ ಕೊರಳಿಗೆ ಬಿದ್ದಳು. ದೊಡ್ಡವ್ವ ಮಾತ್ರ ಮುಖ ಗಂಟು ಹಾಕಿಕೊಂಡು ನಿಂತಿದ್ದಳು.

"ಖುಷಿ ಇಲ್ಲೇನು ದೊಡ್ಡವ್ವ?"

"ಏನ್ ಖುಷಿ? ಇಷ್ಟು ವರ್ಷದಾಗ ಒಬ್ಬಾಕಿನ ಬಿಟ್ಟು ಹೋದಾಕಿ ಅಲ್ಲ ನಾ. ಇವತ್ತ ಒಬ್ಬ ಮನಷ್ಯಾನ ಬಿಟ್ಟು ಹೋದ್ನಲ್ಲ! ಅವರಿಗೊಂದು ಸಾಲು ಕೊಡಬೇಕಿತ್ತು ಬೇ, ನಮ್ಮಿಬ್ಬರಿಗೂ ನೆಪ್ಪಾಗಲಿಲ್ಲ."

ಮರುದಿನ ಬೆಳಿಗ್ಗೆ ಕೋಣೆಯ ಬೀಗ ತೆಗೆಯಲು ಬಂದಾಗ ಸುಣ್ಣದ ಪುಟ್ಟಿ ಹೊರಗಿತ್ತು. ಬೇವಿನ ನೆರಳು ಮುಗಿಯುವ ಅಂಚಿನಲ್ಲಿ, ಐದನೇ ಡಬ್ಬಿಯ ಬಾಗಿಲಿಗೆ ನೇರವಾಗಿ, ಒಬ್ಬರು ನಿಲ್ಲುವಷ್ಟು ಒಂದು ದುಂಡನೆಯ ಗುರುತು ಬಿದ್ದಿತ್ತು, ದೊಡ್ಡವ್ವನದೇ ಕೆಲಸ. ಈಗಲೂ ಸುಣ್ಣ ಮಾಸಿದರೆ ನಾನು ಎಂಟು ಅಂಕಿಗಳೊಡನೆ ಅದನ್ನೂ ತಿದ್ದುತ್ತೇನೆ. ಅದರ ಮೇಲೆ ಯಾರೂ ನಿಲ್ಲುವುದಿಲ್ಲ. ಹೊಸಬರು ಗೊತ್ತಿಲ್ಲದೆ ನಿಂತರೆ ದೊಡ್ಡವ್ವ ಸೆರಗು ಹಿಡಿದು ಪಕ್ಕಕ್ಕೆ ಎಳೆಯುತ್ತಾಳೆ: "ಸರಿ ಬೇ ಆ ಕಡಿ, ಅದು ಸಾಹೇಬ್ರ ಸಾಲು."